ಸಾಲದ ಸಹಿ

ಧಾರವಾಡಕ್ಕೆ ಓದಲು ಬಂದ ತರುಣನು ವಾಹನಸಾಲ ಬಯಸಿದರೆ, ಗಳಿಕೆಯಿಲ್ಲದ ಅವನೊಡನೆ ಸಾಮಾನ್ಯವಾಗಿ ತಂದೆಯೂ ಸಹಿ ಹಾಕಬೇಕಾಗುತ್ತದೆ. ವಾಚಕರೇ, ಆ ಸಹಿಯ ಭಾರವನ್ನು ಎಣಿಸಿರುವಿರಾ? ತಂದೆಯ ಸಾಲವನ್ನು ಮಗನು ತೀರಿಸಲೇಬೇಕೆಂಬ ಹಳೆಯ ಧರ್ಮಬಂಧನವನ್ನು, ಮುಂದಿನ ಸಾಲಗಳ ಮಟ್ಟಿಗೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯು ತೆಗೆದುಹಾಕಿತು. ಮಗನ ಸಾಲಕ್ಕೆ ಸಹಿಯಿತ್ತ ತಂದೆಗೆ ಅಂಥ ಬಿಡುಗಡೆಯಿಲ್ಲ. ಮಗನು ಅಳಿದರೂ ಕಂತು ಅಳಿಯದು.

‘ಗಾಡಿಗೆ ವಿಮೆಯಿದೆಯಲ್ಲ’ ಎಂದು ಹಲವರ ಸಮಾಧಾನ. ಕಾನೂನು ಕಡ್ಡಾಯಗೊಳಿಸಿದ ಆ ವಿಮೆಯು ಅಪಘಾತದಲ್ಲಿ ನೊಂದ ಅನ್ಯರಿಗಾಗಿ. ಸಾಲದ ಮೊತ್ತಕ್ಕೂ ಅವಧಿಗೂ ಹೊಂದುವ ಜೀವವಿಮೆ ಬೇರೆಯೇ ಬೇಕು; ಹರೆಯದಲ್ಲಿ ಅದು ಅಗ್ಗವೂ ಹೌದು. ಇದು ಶಿವನಲ್ಲಿ ಅವಿಶ್ವಾಸವೆಂದು ಕೆಲವು ಹಿರಿಯರು ನಮ್ಮೊಡನೆ ವಾದಿಸುವುದುಂಟು. ನಾಳೆಗೆ ಕೂಡಿಡಬೇಡಿರೆಂದ ಶರಣರು, ನಮ್ಮ ಋಣವನ್ನು ಪರರ ಹೆಗಲಿಗೇರಿಸಿರೆಂದು ಹೇಳಲಿಲ್ಲ.

ಅದಿರಲಿ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡುತ್ತಿರುವಾಗ ಆ ಗಾಡಿ ಬೇಕೇ ಎಂಬುದನ್ನು, ಸಹಿಗೆ ಮೊದಲು, ತಂದೆಯು ಕೇಳಿದ್ದನೇ?