ನದೀಮೂಲ, ಋಷಿಮೂಲ, ಗ್ರಂಥಮೂಲ

"ನದೀಮೂಲ, ಋಷಿಮೂಲ ಹುಡುಕಬಾರದು" ಎಂಬ ಗಾದೆ ನಮ್ಮಲ್ಲಿ ಎರಡು ಬಗೆಯಾಗಿ ಬಳಕೆಯಲ್ಲಿದೆ. ಹಿರಿಯರ ಬಾಯಲ್ಲಿ ಅದು ಔದಾರ್ಯದ ಮಾತು. ವ್ಯಾಸ ಬೆಸ್ತರ ಹೆಣ್ಣುಮಗಳ ಹೊಟ್ಟೆಯಲ್ಲಿ ಹುಟ್ಟಿದವನು, ವಾಲ್ಮೀಕಿ ಬೇಡನಾಗಿದ್ದವನು ಎಂದು ಲೋಕ ಹೇಳುತ್ತದೆ. ಹಾಗೆಂದು ಭಾರತವಾಗಲಿ ರಾಮಾಯಣವಾಗಲಿ ಕಿರಿದಾಗುವುದಿಲ್ಲ. ದೊಡ್ಡ ಹೊಳೆಯ ಹುಟ್ಟು ಬಂಡೆಯ ಸಂದಿನ ಒಂದು ಜಿನುಗು. ಅದನ್ನು ಕಂಡು ಹೊಳೆಯನ್ನೇ ಹೀಗಳೆಯುವುದು ಅವಿವೇಕ. ಹುಟ್ಟು ನೋಡಿ ಬೆಲೆ ಕಟ್ಟಬೇಡ ಎಂಬುದೇ ಗಾದೆಯ ತಿರುಳು. ಆದರೆ ಅದೇ ಗಾದೆ ಬಾಯಿ ಮುಚ್ಚಿಸುವುದಕ್ಕೂ ಒದಗಿಬರುತ್ತದೆ. ದೇವರ ವಾಕ್ಯವೆಂದು ನಂಬಿದ ಗ್ರಂಥ ಯಾರ ನುಡಿಯಲ್ಲಿ, ಯಾವ ಸಂಕಟದಲ್ಲಿ, ಯಾರ ಮನೆಯಲ್ಲಿ ಹುಟ್ಟಿತು ಎಂದು ಯಾರಾದರೂ ಕೇಳಿದರೆ, ಅದನ್ನೆಲ್ಲ ಕೆದಕಬಾರದು ಎನ್ನಲು ಈ ಗಾದೆಯನ್ನೇ ಮುಂದಿಡುತ್ತಾರೆ. ಹಳೆಯ ಒಡಂಬಡಿಕೆಯನ್ನು ಕೈಗೆತ್ತಿಕೊಂಡ ಕನ್ನಡ ಕ್ರೈಸ್ತ ಓದುಗನಿಗೆ ಈ ಎರಡನೆಯ ಬಳಕೆ ಹೇಗೆ ಕೇಡು, ಮೊದಲನೆಯದು ಹೇಗೆ ಕಾವಲು ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕಾಗಿದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರದ ಆಸುಪಾಸಿನವರಿಗೆ ನದೀಮೂಲ ದೂರದ ಮಾತಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ. ಚಿತ್ರಾವತಿಯೂ ಪಾಪಘ್ನಿಯೂ ಇದೇ ಜಿಲ್ಲೆಯಲ್ಲಿ ಹುಟ್ಟಿ ಆಂಧ್ರದಲ್ಲಿ ಪೆನ್ನೆಯನ್ನು ಸೇರುತ್ತವೆ. ಇಷ್ಟು ಮೂಲಗಳಿದ್ದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆ ಇದು. ಆದ್ದರಿಂದಲೇ ಇಲ್ಲಿನವರು ನೀರಿನ ಮೂಲ ಕೇಳುತ್ತಾರೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುವ ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ಬಂದಾಗ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಆಗಲೇಬೇಕು ಎಂದು ನೀರಾವರಿ ಹೋರಾಟಗಾರರು ಪಟ್ಟು ಹಿಡಿದರು. ನೀರನ್ನು ಅವಮಾನಿಸಲು ಅವರು ಹಾಗೆ ಕೇಳಿದವರಲ್ಲ. ಆ ನೀರಿನ ಮೇಲೆ ತಮ್ಮ ಬದುಕು ನಿಂತಿರುವುದರಿಂದ ಕೇಳಿದರು. ಅಳೆಯುವುದಕ್ಕೆ ಮೂಲ ಕೇಳುವುದು ಬೇರೆ, ಅರಿಯುವುದಕ್ಕೆ ಕೇಳುವುದು ಬೇರೆ. ಗಾದೆ ತಡೆಯುವುದು ಮೊದಲನೆಯದನ್ನು ಮಾತ್ರ.

ಇನ್ನು ಗ್ರಂಥಮೂಲದ ಮಾತು. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಅವರ ಜೊತೆಗಾರ ವಿಲಿಯಂ ರೀವ್ ಇವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಹಲವು ಸಲ ಪರಿಷ್ಕಾರಗೊಂಡ ಆ ಸತ್ಯವೇದದ ಸುಮಾರು ಮುಕ್ಕಾಲು ಪಾಲು ಹೀಬ್ರೂವಿನದು. ದಾನಿಯೇಲ, ಎಜ್ರ ಮುಂತಾದ ಗ್ರಂಥಗಳ ಕೆಲವು ಭಾಗ ಮಾತ್ರ ಅರಮಾಯಿಕ್. ಇಷ್ಟು ದೊಡ್ಡ ಪಾಲನ್ನು ನಮ್ಮ ಸಭೆಗಳು ಸುವಾರ್ತೆಗಳಿಗೆ ಬರೆದ ಮುನ್ನುಡಿಯಂತೆ ಓದುತ್ತವೆ. ಕ್ರಿಸ್ಮಸ್‌ಗೆ ಯೆಶಾಯನಿಂದ ಒಂದಿಷ್ಟು, ಶುಭ ಶುಕ್ರವಾರಕ್ಕೆ ಮತ್ತೊಂದಿಷ್ಟು, ನಡುವೆ ಕೆಲವು ಕೀರ್ತನೆಗಳು. ಉಳಿದದ್ದು ಮುಗಿದುಹೋದ ಕಾಲದ ಕಥೆ ಎಂಬ ಭಾವ. ಈ ಭಾವವನ್ನು ಅದರ ತುದಿಯವರೆಗೆ ಎಳೆದವನು ಎರಡನೆಯ ಶತಮಾನದ ಮಾರ್ಸಿಯನ್. ಹೀಬ್ರೂ ಗ್ರಂಥಗಳ ದೇವರೇ ಬೇರೆ, ಕ್ರಿಸ್ತನ ತಂದೆಯೇ ಬೇರೆ ಎಂದ ಅವನನ್ನು ರೋಮಿನ ಸಭೆ 144ರ ಸುಮಾರಿಗೆ ಹೊರಹಾಕಿತು. ಸಿದ್ಧಾಂತದಲ್ಲಿ ಸೋತವನು ಅಭ್ಯಾಸದಲ್ಲಿ ಉಳಿದುಕೊಂಡಿದ್ದಾನೆ. ನನ್ನ ವಾದ ಇಷ್ಟೆ: ಕ್ರೈಸ್ತ ಓದುಗ ಹೀಬ್ರೂ ಗ್ರಂಥವನ್ನು ಮೊದಲು ಅದು ಹುಟ್ಟಿದ ಮನೆಯಲ್ಲಿ ಕೇಳಿಸಿಕೊಳ್ಳಬೇಕು, ಆಮೇಲೆ ತನ್ನ ನಂಬಿಕೆಯ ಬೆಳಕಿನಲ್ಲಿ ಓದಬೇಕು. ಈ ಕ್ರಮ ತಪ್ಪಿದರೆ ಕೇಳುವಿಕೆಯೂ ಕೆಡುತ್ತದೆ, ನಂಬಿಕೆಯೂ ಕೆಡುತ್ತದೆ.

ಗ್ರಂಥಗಳ ಜೋಡಣೆಯೇ ಇದಕ್ಕೆ ಮೊದಲ ಸಾಕ್ಷಿ. ಪ್ರೊಟೆಸ್ಟೆಂಟರ 39 ಗ್ರಂಥಗಳನ್ನೇ ಯೆಹೂದ್ಯರು 24 ಎಂದು ಎಣಿಸುತ್ತಾರೆ. ಸಮುವೇಲ, ಅರಸುಗಳು, ಪೂರ್ವಕಾಲವೃತ್ತಾಂತ ಅವರಿಗೆ ಒಂದೊಂದೇ ಗ್ರಂಥ. ಎಜ್ರ, ನೆಹೆಮೀಯ ಸೇರಿ ಒಂದು. ಹನ್ನೆರಡು ಕಿರಿಯ ಪ್ರವಾದಿಗಳು ಸೇರಿ ಒಂದು. ನಮ್ಮ ಹಳೆಯ ಒಡಂಬಡಿಕೆ ಮಲಾಕಿಯನಲ್ಲಿ, ಎಲೀಯ ಬರುತ್ತಾನೆಂಬ ನಿರೀಕ್ಷೆಯಲ್ಲಿ ಮುಗಿಯುತ್ತದೆ. ಪುಟ ತಿರುಗಿಸಿದರೆ ಮತ್ತಾಯ, ಅವನ ಹಿಂದೆಯೇ ಸ್ನಾನಿಕ ಯೋಹಾನ. ಅಚ್ಚಾದ ಹೀಬ್ರೂ ಬೈಬಲ್ ಸಾಮಾನ್ಯವಾಗಿ ಪೂರ್ವಕಾಲವೃತ್ತಾಂತದಲ್ಲಿ ಮುಗಿಯುತ್ತದೆ: ಪಾರಸಿಯ ಅರಸ ಕೋರೆಷ, ಸೆರೆಹೋದವರು ಯೆರೂಸಲೇಮಿಗೆ ಹೊರಡಬಹುದೆಂದು ಸಾರುತ್ತಾನೆ. ಒಂದು ಜೋಡಣೆ ಬರಲಿರುವವನಿಗಾಗಿ ಕಾಯುತ್ತದೆ, ಇನ್ನೊಂದು ಪಾಳುಬಿದ್ದ ಊರನ್ನು ಮರಳಿ ಕಟ್ಟಲು ಕರೆಯುತ್ತದೆ. ರೂತಳ ಕಥೆ ನಮ್ಮಲ್ಲಿ ನ್ಯಾಯಸ್ಥಾಪಕರ ಬೆನ್ನಿಗೆ ದಾವೀದನ ವಂಶದ ಪೀಠಿಕೆಯಾಗಿ ನಿಂತಿದೆ. ಯೆಹೂದ್ಯರಲ್ಲಿ ಅದು ಹಬ್ಬಗಳಂದು ಓದುವ ಐದು ಸುರುಳಿಗಳಲ್ಲಿ ಒಂದು. ಕೊಯ್ಲಿನ ಕಾಲದ ವಾರಗಳ ಹಬ್ಬದಂದು, ಪರದೇಶದ ವಿಧವೆಯೊಬ್ಬಳು ಹೊಲದಲ್ಲಿ ಹಕ್ಕಲಾಯುವ ಕಥೆಯಾಗಿ ಅದನ್ನು ಕೇಳುತ್ತಾರೆ. ಒಂದಕ್ಷರವೂ ಬದಲಾಗದೆ ಅದೇ ಗ್ರಂಥ ಬೇರೆ ಮಾತಾಡುವುದನ್ನು ಇಲ್ಲಿ ಕಾಣಬಹುದು. ಮೂಲದ ಜೋಡಣೆ ಗೊತ್ತಿಲ್ಲದವನಿಗೆ ತನ್ನದೂ ಒಂದು ಜೋಡಣೆ ಎಂಬುದೇ ಗೊತ್ತಾಗುವುದಿಲ್ಲ.

ಮೂಲ ಹುಡುಕಬಾರದೆಂಬ ಮಾತಿಗೆ ನೇರ ಉತ್ತರ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿದೆ. ಬೆಳೆ ಬಂದಾಗ ರೈತ ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟು ಯಾಜಕನ ಮುಂದೆ ತರಬೇಕು. ತಂದು, ತನ್ನ ಮೂಲಪುರುಷ ಗತಿಗೆಟ್ಟು ಅಲೆದ ಅರಾಮ್ಯನೆಂದೂ ತನ್ನ ಜನ ಐಗುಪ್ತದಲ್ಲಿ ದಾಸರಾಗಿ ಬಿಟ್ಟಿ ದುಡಿದರೆಂದೂ ಬಾಯಿಬಿಟ್ಟು ಹೇಳಬೇಕು. ಋಷಿಗೆ ಅವಮಾನವಾಗದಿರಲೆಂದು ನಮ್ಮ ಗಾದೆ ಹುಟ್ಟನ್ನು ಮರೆಯಲ್ಲಿಡುತ್ತದೆ. ಈ ವಿಧಿಯಾದರೋ ಕೀಳೆನಿಸುವ ಹುಟ್ಟನ್ನೇ ದೇವರ ಮುಂದೆ ಗಟ್ಟಿಯಾಗಿ ಹೇಳಿಸುತ್ತದೆ. ಅರವಿಂದ ಪಿ. ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರದ ಚರ್ಚೆ ಮೊದಲಾಯಿತು. ಮುಂದೆ ಅವರು ಅದಕ್ಕೆ ಆಧಾರವಾಗಿ ಹಿಡಿದದ್ದು ಇದೇ ಅಧ್ಯಾಯವನ್ನು. ತಮ್ಮ ಹಿರಿಯರು ಊರ ಹೊರಗಿದ್ದವರೆಂಬುದನ್ನು ಮುಚ್ಚಿಡದೆ, ಅದನ್ನೇ ವಿಶ್ವಾಸದ ನುಡಿಯಾಗಿಸಲು ಆ ಹೀಬ್ರೂ ರೈತನ ಮಾತು ದಾರಿ ತೋರಿತು. ಅಧ್ಯಾಯ ಅಲ್ಲಿಗೆ ನಿಲ್ಲುವುದೂ ಇಲ್ಲ. ಬೆಳೆಯ ದಶಮಾಂಶ ಲೇವಿಯನಿಗೂ ಪರದೇಶಿಗೂ ಅನಾಥನಿಗೂ ವಿಧವೆಗೂ ಸಲ್ಲಬೇಕೆಂದು ಮುಂದುವರಿಯುತ್ತದೆ. ಮೂಲವನ್ನು ನೆನೆಯುವುದು ಇಲ್ಲಿ ಹಂಚಿ ಉಣ್ಣುವುದಕ್ಕೆ ಕಾರಣ. ಯೆಹೂದ್ಯರು ಪಸ್ಕ ಹಬ್ಬದ ರಾತ್ರಿ ಮನೆಮನೆಯಲ್ಲಿ ಬಿಡಿಸಿ ವಿವರಿಸುವ ಮಾತುಗಳೂ ಇವೇ. ಹೊಸ ಒಡಂಬಡಿಕೆಯ ಮುನ್ನುಡಿಯೆಂದು ಮಾತ್ರ ಓದಿದ್ದರೆ ಇದರಲ್ಲಿ ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಇನ್ನು ಆಕ್ಷೇಪಗಳು. ಮೂಲ ಕೆದಕಿದರೆ ನಂಬಿಕೆ ಸಡಿಲವಾಗುತ್ತದೆ ಎಂಬುದು ಮೊದಲನೆಯದು. ಭಯಕ್ಕೆ ಕಾರಣವಿದೆ. 1872ರಲ್ಲಿ ಜಾರ್ಜ್ ಸ್ಮಿತ್ ಲಂಡನ್ನಿನಲ್ಲಿ ಮಣ್ಣಿನ ಹಲಗೆಯೊಂದನ್ನು ಓದಿ, ನೋಹನ ಕಥೆಯನ್ನು ಹೋಲುವ ಪ್ರಳಯದ ಕಥೆ ಮೆಸೊಪೊಟೇಮಿಯದಲ್ಲೂ ಇತ್ತೆಂದು ತೋರಿಸಿದರು. ಯೆಶಾಯನ 40ನೆಯ ಅಧ್ಯಾಯದಿಂದ ಮುಂದಿನದು ಬಾಬೆಲಿನ ಸೆರೆಯ ಕಾಲದ ಮತ್ತು ಅದರ ಬಳಿಕದ ದನಿಯೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಇಷ್ಟಾದ ಮೇಲೆ ಗ್ರಂಥಕ್ಕೆ ಏನು ಬೆಲೆ ಎನ್ನುವವರಿದ್ದಾರೆ. ಗಾದೆಯ ನಿಜವಾದ ಬಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಹುಟ್ಟು ನೋಡಿ ಬೆಲೆ ಕಟ್ಟಬೇಡ ಎಂಬ ಮಾತು ಗ್ರಂಥಕ್ಕೂ ಸಲ್ಲುತ್ತದೆ. ಸೆರೆಯಲ್ಲಿ ಕುಳಿತ ಹೆಸರಿಲ್ಲದ ಪ್ರವಾದಿ ಜನರನ್ನು ಸಂತೈಸಿದನೆಂದರೆ ಆ ಸಾಂತ್ವನ ಸುಳ್ಳಾಗುವುದಿಲ್ಲ. ಯಾರ ಕಣ್ಣೀರಿಗೆ ಅದು ಉತ್ತರ ಎಂಬುದು ತಿಳಿದುಬರುತ್ತದೆ. ಹುಡುಕಿದಾಗಲೆಲ್ಲ ನಷ್ಟವೇ ಎಂಬುದೂ ನಿಜವಲ್ಲ. 1947ರ ಹೊತ್ತಿಗೆ ಲವಣಸಮುದ್ರದ ಬಳಿಯ ಗವಿಗಳಲ್ಲಿ ಸಿಕ್ಕ ಯೆಶಾಯನ ಸುರುಳಿ, ಅದುವರೆಗೆ ವಿದ್ವಾಂಸರ ಕೈಯಲ್ಲಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಿಂದಿನದು. ಸಣ್ಣಪುಟ್ಟ ಪಾಠಭೇದಗಳು ಹಲವಿದ್ದರೂ ಗ್ರಂಥ ಅದೇ. ತಲೆತಲಾಂತರದ ಯೆಹೂದ್ಯ ಲಿಪಿಕಾರರ ಶ್ರದ್ಧೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಮೂಲಕ್ಕೆ ಹೋಗುವುದು ಬೇಡ ಎಂದಿದ್ದರೆ ನಮಗೆ ಆ ಧೈರ್ಯವೂ ದಕ್ಕುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಕ್ರೈಸ್ತನಿಗೆ ಇಡೀ ಶಾಸ್ತ್ರ ಕ್ರಿಸ್ತನ ಕಡೆಗೆ ಕೈತೋರುತ್ತದೆ; ಮೊದಲು ಯೆಹೂದ್ಯರಂತೆ ಓದು ಎಂದರೆ ಅದು ಸಾಕ್ಷಿಯನ್ನು ಬಿಟ್ಟುಕೊಟ್ಟಂತಲ್ಲವೇ? ಯೆಶಾಯನ 53ನೆಯ ಅಧ್ಯಾಯದ ನೊಂದ ಸೇವಕನನ್ನೇ ನೋಡೋಣ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಇಥಿಯೋಪ್ಯದ ಅಧಿಕಾರಿ ಅದನ್ನೇ ಓದುತ್ತ, ಪ್ರವಾದಿ ಹೇಳುತ್ತಿರುವುದು ತನ್ನನ್ನು ಕುರಿತೋ ಬೇರೊಬ್ಬನನ್ನು ಕುರಿತೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಆ ಪ್ರಶ್ನೆಯನ್ನು ಫಿಲಿಪ್ಪ ಗದರಿಸುವುದಿಲ್ಲ, ಅಲ್ಲಿಂದಲೇ ಮಾತು ಶುರುಮಾಡುತ್ತಾನೆ. ಅದೇ ಗ್ರಂಥದ 41, 44, 49ನೆಯ ಅಧ್ಯಾಯಗಳು ಇಸ್ರಾಯೇಲನ್ನೇ ಸೇವಕನೆಂದು ಕರೆಯುತ್ತವೆ. ಹನ್ನೊಂದನೆಯ ಶತಮಾನದ ಯೆಹೂದ್ಯ ವ್ಯಾಖ್ಯಾನಕಾರ ರಾಶಿ 53ನೆಯದನ್ನೂ ಹಾಗೆಯೇ ವ್ಯಾಖ್ಯಾನಿಸಿದ. ಸೆರೆಯಲ್ಲಿ ನುಗ್ಗಾದ ಒಂದು ಜನಾಂಗದ ನೋವು ಆ ಮಾತಿನಲ್ಲಿದೆ ಎಂದು ಮೊದಲು ಕೇಳಿಸಿಕೊಂಡವನಿಗೆ, ಯೇಸು ಆ ನೋವನ್ನು ಹೊತ್ತನೆಂಬ ಅರಿಕೆ ಇನ್ನಷ್ಟು ಭಾರವಾಗುತ್ತದೆ. ಕೇಳದವನಿಗೆ ಅದು ಬಿಡಿಸಿದ ಒಗಟಿನ ಉತ್ತರ ಮಾತ್ರ. ಯೆಹೂದ್ಯರ ಓದು ಸಾಧುವಾದ ಓದೆಂದು ಕ್ಯಾಥೊಲಿಕ್ ಸಭೆಯ ಬೈಬಲ್ ಆಯೋಗವೇ 2001ರಲ್ಲಿ ಒಪ್ಪಿ ಬರೆದಿದೆ. ಅದನ್ನು ಒಪ್ಪಿದ್ದರಿಂದ ಆ ಸಭೆಯ ವಿಶ್ವಾಸ ಕರಗಲಿಲ್ಲ.

ಮೂರನೆಯ ಆಕ್ಷೇಪಕ್ಕೆ ತಲೆಬಾಗಲೇಬೇಕು. ಹೀಬ್ರೂ ಕಲಿತವರೆಲ್ಲ ನ್ಯಾಯವಂತರಾದರೇ? ಇಲ್ಲ. ಹೀಬ್ರೂವಿನಿಂದಲೇ ಹಳೆಯ ಒಡಂಬಡಿಕೆಯನ್ನು ಜರ್ಮನ್ ನುಡಿಗೆ ತಂದ ಮಾರ್ಟಿನ್ ಲೂಥರ್ 1543ರಲ್ಲಿ ಯೆಹೂದ್ಯರ ಮೇಲೆ ವಿಷ ಕಾರುವ ಪುಸ್ತಕ ಬರೆದ. ಅವರ ಗ್ರಂಥ ಬೇಕು, ಅವರು ಬೇಡ ಎಂಬ ಆ ನಿಲುವು ಮುಂದಿನ ಶತಮಾನಗಳಲ್ಲಿ ಎಂಥ ಹತ್ಯೆಗಳಿಗೆ ಒದಗಿತೆಂಬುದು ಲೋಕಕ್ಕೆ ಗೊತ್ತು. ಆದ್ದರಿಂದ ಮೂಲವೆಂದರೆ ವ್ಯಾಕರಣ, ಹಸ್ತಪ್ರತಿಗಳಷ್ಟೇ ಆಗಕೂಡದು. ಇಂದಿಗೂ ಆ ಗ್ರಂಥವನ್ನು ಹಾಡಿ, ವಾದಿಸಿ, ಬದುಕುತ್ತಿರುವ ಜನರೂ ಅದರಲ್ಲಿ ಸೇರಬೇಕು. ರೋಮಾಪುರದವರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ಪೌಲನ ಎಚ್ಚರಿಕೆಯೂ ಇದೇ: ಕಸಿಮಾಡಿದ ಕೊಂಬೆಗಳು ಇತರ ಕೊಂಬೆಗಳ ಎದುರು ಜಂಬಪಡಬಾರದು, ಕೊಂಬೆಗೆ ಆಧಾರ ಬೇರು. ಕರ್ನಾಟಕದಲ್ಲಿ ಯೆಹೂದ್ಯ ಕುಟುಂಬಗಳು ಬೆರಳೆಣಿಕೆಯಷ್ಟು. ಎದುರಿಗೆ ನಿಂತು ತಿದ್ದುವ ನೆರೆಯವರಿಲ್ಲದ ಕಡೆ ಓದುಗನ ಹೊಣೆ ಹೆಚ್ಚುತ್ತದೆ. ಸುವಾರ್ತೆಯ ಫರಿಸಾಯರನ್ನು ತೋರಿಸಿ ಇಡೀ ಜನಾಂಗವನ್ನು ಹೀಗಳೆಯುವ ಪ್ರಸಂಗ ನಮ್ಮ ವೇದಿಕೆಗಳಲ್ಲಿ ಪ್ರಶ್ನೆಯೇ ಇಲ್ಲದೆ ಸಾಗಿಹೋಗಬಾರದು.

ಕೊನೆಯ ಆಕ್ಷೇಪ ಸಾಮಾನ್ಯ ಓದುಗನದು. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವನಿಗೆ, ಗೌರಿಬಿದನೂರಿನಲ್ಲಿ ಜೋಳ ಬೆಳೆಯುವವನಿಗೆ ಹೀಬ್ರೂ ಕಲಿಯಲು ಬಿಡುವೆಲ್ಲಿ? ಎಲ್ಲರೂ ಕಲಿಯಬೇಕಿಲ್ಲ, ಸಭೆಯಲ್ಲಿ ಕಲಿತವರು ಇರಬೇಕು, ಅವರ ಕಲಿಕೆ ಭಾನುವಾರದ ಪ್ರಸಂಗಕ್ಕೆ ಇಳಿದುಬರಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬಂತೆ ಬೆಳೆದ ಈ ಸೀಮೆಯವರಿಗೆ ಒಂದು ಮಾತಿಗೆ ಇನ್ನೊಂದು ಮನೆ ಇರುತ್ತದೆಂದು ಹೇಳಿಕೊಡಬೇಕಾಗಿಯೂ ಇಲ್ಲ. ಇಂಥ ಓದಿಗೆ ಕನ್ನಡದಲ್ಲೇ ಮಾದರಿಯಿದೆ. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು, ಹಸ್ತಪ್ರತಿಗಳನ್ನು ಕೂಡಿಸಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಆ ವಚನಕಾರನನ್ನು ಕ್ರೈಸ್ತನನ್ನಾಗಿಸುವ ಹಂಬಲ ಆ ಕೆಲಸದ ಹಿಂದಿರಲಿಲ್ಲ. ಅವನ ಮಾತು ಅವನದಾಗಿಯೇ ನಾಡಿಗೆ ಸಿಗಲೆಂಬ ಪ್ರೀತಿ ಇತ್ತು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿ ನಾಡು ಅವರನ್ನು ಗೌರವಿಸಿತು. ಅದೇ ಪ್ರೀತಿ ಮೋಶೆಗೂ ಯೆಶಾಯನಿಗೂ ಸಲ್ಲಬೇಕು. ಬರುವ ಸುಗ್ಗಿಯ ಹಬ್ಬದಲ್ಲಿ ಸಭೆಗಳು ಧರ್ಮೋಪದೇಶಕಾಂಡದ ಆ ಅಧ್ಯಾಯವನ್ನು ಪ್ರಥಮಫಲದ ವಚನಕ್ಕೆ ನಿಲ್ಲಿಸದೆ ಕೊನೆಯವರೆಗೂ ಓದಲಿ. ಅದನ್ನು ಮೊದಲು ಹೇಳಿದವರು ಯಾರು, ಇಂದು ಪಸ್ಕದಲ್ಲಿ ಹೇಳುತ್ತಿರುವವರು ಯಾರು, ಬೆಳೆಯಲ್ಲಿ ಪಾಲು ಸಿಗಬೇಕಾದ ಪರದೇಶಿ, ವಿಧವೆ, ಅನಾಥರು ನಮ್ಮ ಊರಿನಲ್ಲಿ ಯಾರು ಎಂದು ಕೇಳಲಿ. ಪೌಲನ ಎಚ್ಚರಿಕೆಗೆ ಇದಕ್ಕಿಂತ ಪ್ರಾಮಾಣಿಕವಾದ ವಿಧೇಯತೆ ನನಗೆ ಕಾಣದು.