ಕುರ್ಚಿಯ ಅಂಚು

ಅರಸೀಕೆರೆಯ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕು ಬೆತ್ತದ ಕುರ್ಚಿಗಳಿದ್ದವು. ಐದಾರು ವರ್ಷಕ್ಕೊಮ್ಮೆ ಬೆತ್ತ ಹರಿದಾಗ ಅದನ್ನು ಮತ್ತೆ ಹೆಣೆದುಕೊಡಲು ಒಬ್ಬರು ಬರುತ್ತಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮಗಳು ಕೈಹಿಡಿದು ಕರೆತಂದು ಜಗಲಿಯ ಮೇಲೆ ಬಿಟ್ಟುಹೋದರೆ ಸಂಜೆಯವರೆಗೂ ಅಲ್ಲೇ. ಪಕ್ಕದಲ್ಲಿ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದ ಬೆತ್ತದ ಎಳೆಗಳು, ಒಂದು ಚಾಕು, ಬಿಗಿದ ಎಳೆ ಸಡಿಲಾಗದಂತೆ ತೂತಿಗೆ ತುರುಕುವ ಪುಟ್ಟ ಮರದ ಬೆಣೆಗಳು. ಕೆಲಸಕ್ಕೆ ಕೈಹಚ್ಚುವ ಮೊದಲು ಅವರು ಹಳೆಯ ಬೆತ್ತದ ಮೇಲೆ ಅಂಗೈಯಾಡಿಸಿ ನೋಡುವುದಿತ್ತು. ಒಮ್ಮೆ ಹಾಗೆ ಒಂದು ಕುರ್ಚಿಯನ್ನು ಸವರಿ, “ಇದು ಕೂರೋರ ಕುರ್ಚಿ ಅಲ್ಲ, ಏಳೋರ ಕುರ್ಚಿ” ಎಂದರು. ಅದು ಅಪ್ಪನದು. ಮುಂದಿನ ಅಂಚಿನ ನಾಲ್ಕು ಬೆರಳಗಲ ಎಳೆ ಎಳೆಯಾಗಿ ಕಿತ್ತುಬಂದಿತ್ತು. ಹಿಂಭಾಗ ಮಾತ್ರ ಹೆಣೆದ ದಿನ ಹೇಗಿತ್ತೋ ಹಾಗೆಯೇ ಇತ್ತು. ಎರಡನೆಯದಕ್ಕೆ ಕೈಯಿಟ್ಟವರೇ ನಕ್ಕುಬಿಟ್ಟರು. “ಇವರು ಊಟ ಮುಗಿಸ್ಕೊಂಡು ಬಂದು ಕೂರ್ತಾರೆ.” ನಡುವೆ ಜೋಲಿಯಂತೆ ಜೋತುಬಿದ್ದಿದ್ದ ಆ ಕುರ್ಚಿ ಚಿಕ್ಕಪ್ಪನದು.

ಹೆಚ್ಚು ಕಡಿಮೆ ಇದೇ ಮಾತನ್ನು ಬಹಳ ದೂರದ ಇನ್ನೊಂದು ಊರಿನಲ್ಲಿ ಇನ್ನೊಬ್ಬ ಕೆಲಸಗಾರ ಆಡಿದ್ದನೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. 1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸನ್‌ಮನ್ ಎಂಬ ಹೃದ್ರೋಗ ವೈದ್ಯರಿಬ್ಬರು, ತಮ್ಮ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯ ಕುರ್ಚಿಗಳಿಗೆ ಹೊಸ ಹೊದಿಕೆ ಹಾಕಿಸಲು ಒಬ್ಬನನ್ನು ಕರೆಸಿದ್ದರಂತೆ. ಅವನು ಕುರ್ಚಿಗಳನ್ನು ನೋಡಿದವನೇ, ಇದೇನು ಎಲ್ಲವೂ ಮುಂದಿನ ಅಂಚಿನಲ್ಲೇ ಸವೆದಿವೆಯಲ್ಲ ಎಂದು ಬೆರಗಾದ. ವೈದ್ಯರು ಆಗ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ (ಅವರಿಗೆ ಪುರುಸೊತ್ತೆಲ್ಲಿ, ಫ್ರೀಡ್‌ಮನ್ ತಾನೂ ಅಂಚಿನಲ್ಲಿ ಕೂರುವ ಪೈಕಿಯೇ ಎಂದು ಮುಂದೆ ಒಪ್ಪಿಕೊಂಡ). ಆದರೆ ಹೃದಯದ ಕಾಯಿಲೆಗೆ ಕೊಬ್ಬು, ಹೊಗೆಸೊಪ್ಪುಗಳಲ್ಲದೆ ಬದುಕುವ ರೀತಿಯೂ ಕಾರಣವಿರಬಹುದೇ ಎಂದು ಅವರು ಹುಡುಕತೊಡಗಿದಾಗ ಆ ಮಾತಿಗೆ ಅರ್ಥ ಹುಟ್ಟಿತು. ಎದುರಿನವರ ಮಾತನ್ನು ತಾವೇ ಮುಗಿಸುವವರು, ಒಟ್ಟಿಗೆ ಎರಡು ಕೆಲಸ ಹಿಡಿಯುವವರು, ಸಾಲಿನಲ್ಲಿ ನಿಂತು ಚಡಪಡಿಸುವವರು, ಆಟದಲ್ಲಿ ಮಕ್ಕಳ ಎದುರೂ ಸೋಲಲೊಲ್ಲದವರು: ಇವರನ್ನೆಲ್ಲ ಒಂದು ಕಡೆ ಸೇರಿಸಿ ‘ಟೈಪ್ ಎ’ ಎಂದರು. ಈ ಯಾವ ಉಪದ್ರವವೂ ಇಲ್ಲದವರು ‘ಟೈಪ್ ಬಿ’. 1959ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಈ ವಿಂಗಡಣೆ 1974ರಲ್ಲಿ ಜನಸಾಮಾನ್ಯರಿಗೆಂದು ಬರೆದ ಪುಸ್ತಕವೊಂದರಿಂದ ಮನೆಮಾತಾಯಿತು.

ನಾನು ಓದಿದ್ದು ಅವರ ರೋಗಿಗಳ ವಿಷಯ. ಕಣ್ಣಿಗೆ ಕಟ್ಟಿದ್ದು ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂ. ನಮ್ಮ ಮನೆಯಿಂದ ಸ್ಟೇಷನ್ನಿಗೆ ಕಾಲುಗಂಟೆಯ ನಡಿಗೆ. ಹುಬ್ಬಳ್ಳಿಯ ಕಡೆಗೆ ಹೊರಟರೆ ಅಪ್ಪ ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಟಿಕೆಟ್ಟು ಜೇಬಿನಲ್ಲಿದೆಯೇ ಎಂದು ಮುಟ್ಟಿನೋಡುವುದು, ರೈಲು ಬರುವ ದಿಕ್ಕಿಗೆ ಕತ್ತು ಚಾಚುವುದು, ಬೆಂಚಿನ ಅಂಚಿಗೆ ಕೂತು ಮತ್ತೆ ಏಳುವುದು. ಚಿಕ್ಕಪ್ಪನ ಪತ್ತೆಯೇ ಇರುತ್ತಿರಲಿಲ್ಲ. ದಾರಿಯಲ್ಲಿ ಯಾರದೋ ತೋಟದ ತೆಂಗಿನ ನುಸಿರೋಗದ ಬಗ್ಗೆ ವಿಚಾರಿಸಿ, ಒಂದು ಚಿಪ್ಪು ಬಾಳೆಹಣ್ಣನ್ನು ಚೌಕಾಸಿ ಮಾಡಿ ಕೊಂಡು, ಗಾರ್ಡು ಹಸಿರು ಬಾವುಟ ಎತ್ತುವ ಹೊತ್ತಿಗೆ ಅವರು ನಗುತ್ತ ಬರುವರು. “ಅಣ್ಣಯ್ಯ, ರೈಲು ನಮ್ಮನ್ನ ಬಿಟ್ಟು ಎಲ್ಲಿಗೋಗುತ್ತೆ?” ಅಪ್ಪನ ಮುಖದಲ್ಲಿ ರಕ್ತವಿರುತ್ತಿರಲಿಲ್ಲ. ಮಕ್ಕಳಾದ ನಾವೆಲ್ಲ ಚಿಕ್ಕಪ್ಪನ ಪಕ್ಷ. ಹಣ್ಣು ಅವರ ಕೈಯಲ್ಲಿರುತ್ತಿತ್ತು ಎನ್ನುವುದೊಂದೇ ಕಾರಣವಲ್ಲ.

ಚಿಕ್ಕಪ್ಪನಿಗೆ ಜೀವಮಾನದಲ್ಲಿ ಒಂದು ರೈಲೂ ತಪ್ಪಿರಲಿಲ್ಲ ಎಂಬುದು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುವ ಮಾತಾಗಿತ್ತು. ಆ ರೈಲುಗಳ ಟಿಕೆಟ್ಟನ್ನು ಯಾರು ತೆಗೆದಿದ್ದರು, ಕಿಟಕಿಯ ಪಕ್ಕದ ಸೀಟಿಗೆ ಟವೆಲ್ ಹಾಸಿ ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಯಾರು ನಿಂತಿದ್ದರು ಎಂದು ಕೇಳಬೇಕೆಂದು ನನಗೆ ಹೊಳೆದಾಗ ಇಬ್ಬರೂ ಮುದುಕರಾಗಿದ್ದರು. ನಿರಾಳವಾಗಿರುವವರ ನಿರಾಳಕ್ಕೂ ಒಂದು ಖರ್ಚಿದೆಯಲ್ಲವೇ? ಎಷ್ಟೋ ಮನೆಗಳಲ್ಲಿ ಆ ಖರ್ಚನ್ನು ಬೇರೆ ಯಾರೋ ಸದ್ದಿಲ್ಲದೆ ತೆತ್ತಿರುತ್ತಾರೆ, ತೆತ್ತದ್ದಕ್ಕೆ ಗಡಿಬಿಡಿಯವರು ಎಂಬ ಹೆಸರನ್ನೂ ಹೊತ್ತಿರುತ್ತಾರೆ.

ನಮ್ಮ ಭಾಷೆಯೂ ಈ ವಿಷಯದಲ್ಲಿ ಪಕ್ಷಪಾತಿಯೇ. ಆತುರ, ಅವಸರ, ಧಾವಂತ, ತರಾತುರಿ, ಗಡಿಬಿಡಿ, ದುಡುಕು ಎಂದು ಬೇಗದವರನ್ನು ಬೈಯಲು ಎಷ್ಟು ಪದಗಳಿವೆ ನೋಡಿ. ಲಗುಬಗೆ ಎಂಬ ಒಂದರಲ್ಲಿ ಮಾತ್ರ ತುಸು ಅಕ್ಕರೆ ಉಳಿದಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದ ಜನವೇ ತಾಳಿದವನು ಬಾಳಿಯಾನು ಎಂದು ಇನ್ನೊಬ್ಬನ ಬೆನ್ನು ತಟ್ಟಿದ್ದಾರೆ. ಆಯುರ್ವೇದದ ಕಟ್ಟೆಗೆ ಹೋದರೆ ಅಲ್ಲಿಯೂ ಇದೇ ತೀರ್ಪು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವಾತಪ್ರಕೃತಿಯವರು ಕೆಲಸಕ್ಕೆ ಬೇಗ ತೊಡಗುವವರು, ಬೇಗ ಕಳವಳಗೊಳ್ಳುವವರು; ಕಫಪ್ರಕೃತಿಯವರದು ನಿಧಾನದ ನಡಿಗೆ, ನಿಧಾನದ ಆರಂಭ. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಿತ್ತು. ಮೊದಲನೆಯವರಿಗೆ ಬಲವೂ ಕಡಿಮೆ, ಆಯಸ್ಸೂ ಕಡಿಮೆ, ಹಣವೂ ಕಡಿಮೆ ಎಂದೂ, ಎರಡನೆಯವರಿಗೆ ಬಲ, ವಿದ್ಯೆ, ಸಂಪತ್ತು, ಶಾಂತಿ, ದೀರ್ಘಾಯುಸ್ಸು ಎಲ್ಲವೂ ಉಂಟೆಂದೂ ಆ ಗ್ರಂಥ ಹಂಚಿಬಿಟ್ಟಿದೆ. ಅಪ್ಪ ಅದನ್ನು ಓದಿರಲಿಲ್ಲ. ಓದಿದ್ದರೆ ಎಷ್ಟು ಕಡಿಮೆ ಎಂದು ಲೆಕ್ಕಹಾಕಿ, ಉಳಿದ ಕೆಲಸಗಳನ್ನು ಇನ್ನಷ್ಟು ಬೇಗ ಮುಗಿಸಲು ನೋಡುತ್ತಿದ್ದರೇನೋ.

ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯರ ಲೆಕ್ಕವೂ ಮೊದಲಿಗೆ ಚರಕನ ಕಡೆಗೇ ವಾಲಿತು. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದ 39ರಿಂದ 59 ವಯಸ್ಸಿನ 3,154 ಮಂದಿಯನ್ನು, ಎಲ್ಲರೂ ಗಂಡಸರೇ, 1960ರ ಸುಮಾರಿನಿಂದ ಎಂಟೂವರೆ ವರ್ಷ ಅವರು ಗಮನಿಸಿದರು. ಅಂಚಿನಲ್ಲಿ ಕೂರುವವರಿಗೆ ಹೃದ್ರೋಗ ಬರುವ ಸಂಭವ ಒರಗಿ ಕೂರುವವರಿಗಿಂತ ಸುಮಾರು ಇಮ್ಮಡಿ ಎಂದು ಕಂಡಿತು. ಆದರೆ ಮನುಷ್ಯರ ವಿಷಯದಲ್ಲಿ ಲೆಕ್ಕ ಅಷ್ಟು ಸುಲಭಕ್ಕೆ ಮುಗಿಯುವುದುಂಟೇ? ಬೇರೆಯವರು ಬೇರೆ ಕಡೆ ಮಾಡಿದ ಎಷ್ಟೋ ಅಧ್ಯಯನಗಳಲ್ಲಿ ಈ ನಂಟು ಸಿಕ್ಕಲೇ ಇಲ್ಲ. 1988ರಲ್ಲಿ ಅದೇ ಮೂರು ಸಾವಿರದವರ ಪೈಕಿ ಹೃದ್ರೋಗಕ್ಕೆ ತುತ್ತಾದವರ ಮುಂದಿನ ಕತೆಯನ್ನು ತೆಗೆದುನೋಡಿದಾಗ, ಮೊದಲ ಪೆಟ್ಟಿನಿಂದ ಉಳಿದವರಲ್ಲಿ ಹೆಚ್ಚು ಬದುಕಿಕೊಂಡಿದ್ದವರು ಅವಸರದವರೇ. ಕೊನೆಗೆ ಸೋಸಿ ಸೋಸಿ ನೋಡಿದವರಿಗೆ ಆ ‘ಎ’ ಎಂಬ ದೊಡ್ಡ ಗಂಟಿನಲ್ಲಿ ನಿಜವಾಗಿ ವಿಷವೆಂದು ಅನುಮಾನಿಸಲು ಉಳಿದದ್ದು ಬಹುಮಟ್ಟಿಗೆ ಒಂದೇ: ಸಿಟ್ಟು, ಎದುರಿನವರ ಮೇಲಿನ ಹಗೆ, ಜಗತ್ತೆಲ್ಲ ತನಗೆ ಮೋಸಮಾಡಲು ನಿಂತಿದೆ ಎಂಬ ಸಂಶಯ. ಫ್ರೀಡ್‌ಮನ್‌ಗೆ ಸ್ವತಃ ಹೃದಯಾಘಾತವಾಗಿತ್ತು. ತನ್ನನ್ನು ತಾನು ನಿಧಾನಕ್ಕೆ ಪಳಗಿಸಿಕೊಂಡು, ರೋಗಿಗಳಿಗೆ ಬೇಕೆಂದೇ ಉದ್ದದ ಸಾಲಿನಲ್ಲಿ ನಿಂತು ಅಭ್ಯಾಸ ಮಾಡಿ ಎಂದು ಪಾಠ ಹೇಳುತ್ತ, 90 ವರ್ಷ ಬದುಕಿ 2001ರಲ್ಲಿ ತೀರಿಕೊಂಡ.

ಈ ಕತೆಗೊಂದು ಕಹಿ ಬಾಲವಿದೆ. ಸ್ವಭಾವದ ಮೇಲಿನ ಈ ಸಂಶೋಧನೆಗೆ ಸಿಗರೇಟು ಕಂಪನಿಗಳು ದಶಕಗಳ ಕಾಲ ಹಣ ಸುರಿದಿದ್ದವು. ಅದು ಅವರದೇ ಕಡತಗಳು ಬಯಲಾದಾಗ ತಿಳಿದುಬಂತು. ಎದೆ ಕೆಟ್ಟದ್ದು ನಮ್ಮ ಸಿಗರೇಟಿನಿಂದಲ್ಲ, ನಿನ್ನ ಸ್ವಭಾವದಿಂದ ಎನ್ನುವಂತಾದರೆ ಅವರಿಗೆ ಅದಕ್ಕಿಂತ ಲಾಭ ಬೇರೇನಿದೆ? ಅದನ್ನು ಓದಿ ಕೋಪ ಬಂದಿತಾದರೂ, ಮನೆಯೊಳಗಿನ ವ್ಯಾಪಾರವೂ ಅದಕ್ಕಿಂತ ತೀರಾ ಬೇರೆಯಲ್ಲ ಎನಿಸಿ ಸುಮ್ಮನಾದೆ. ‘ನನ್ನ ಸ್ವಭಾವವೇ ಹೀಗೆ’ ಎಂದು ಬಿಟ್ಟರೆ ಚಿಕ್ಕಪ್ಪ ಟಿಕೆಟ್ ತೆಗೆಯಬೇಕಾಗಿರಲಿಲ್ಲ. ‘ಅವನ ಸ್ವಭಾವವೇ ಹಾಗೆ’ ಎಂದು ಬಿಟ್ಟರೆ ಅಪ್ಪ, ಒಂದೂವರೆ ಗಂಟೆಯ ಆ ಕಾಯುವಿಕೆಯಲ್ಲಿ ನಿಜಕ್ಕೂ ಯಾವುದಕ್ಕೆ ಹೆದರುತ್ತಿದ್ದೆ ಎಂದು ತಮ್ಮನ್ನೇ ಕೇಳಿಕೊಳ್ಳಬೇಕಾಗಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದರಲ್ಲಿ ಬಹಳ ಅನುಕೂಲವಿದೆ, ಇಬ್ಬರಿಗೂ.

ಅಪ್ಪನ ಪರವಾಗಿ ಇಷ್ಟು ವಾದಿಸಿದ ಮೇಲೆ ಒಂದು ರಾತ್ರಿಯ ಸಂಗತಿಯನ್ನು ಮುಚ್ಚಿಡಬಾರದು. ಅಜ್ಜಿಯ ಕೊನೆಯ ರಾತ್ರಿ ಅದು. ಅಪ್ಪ ಮಾಡಬೇಕಾದ್ದನ್ನೆಲ್ಲ ಮಾಡಿದರು: ಡಾಕ್ಟರನ್ನು ಎಬ್ಬಿಸಿ ಕರೆತಂದರು, ಬಾಗಿಲು ಹಾಕಿದ್ದ ಔಷಧಿ ಅಂಗಡಿಯನ್ನು ತೆಗೆಸಿದರು, ಊರೂರಿಗೆ ಸುದ್ದಿ ಕಳಿಸಿದರು. ಎರಡು ಗಂಟೆಯ ಹೊತ್ತಿಗೆ ಮಾಡಲು ಏನೂ ಉಳಿಯಲಿಲ್ಲ. ಉಳಿದದ್ದು ಕೂರುವುದೊಂದೇ. ಅಪ್ಪನಿಗೆ ಅದು ಆಗಲಿಲ್ಲ. ಒಳಗೆ ಬಂದು ಅಜ್ಜಿಯ ಕಾಲು ಮುಟ್ಟಿ ನೋಡಿ ಹೊರಗೆ ಹೋಗುವರು, ಗಡಿಯಾರ ನೋಡುವರು, ಮತ್ತೆ ಒಳಗೆ ಬರುವರು. ಚಿಕ್ಕಪ್ಪ ಮಾತ್ರ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಜ್ಜಿಯ ಅಂಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಚಿಕ್ಕಂದಿನಲ್ಲಿ ಕಳೆದುಹೋದ ಒಂದು ಎಮ್ಮೆಯ ಕತೆಯನ್ನು ಬೆಳಗಿನವರೆಗೆ ಹೇಳಿದರು. ಆ ಎಮ್ಮೆ ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು; ಚಿಕ್ಕಪ್ಪನಿಗೆ ಕತೆ ಮುಗಿಸುವ ಅವಸರವೇ ಇರಲಿಲ್ಲ. ಡಾಕ್ಟರು ಬಂದದ್ದು ಅಪ್ಪನಿಂದ. ಆದರೆ ಅಜ್ಜಿಯ ಕಣ್ಣು ಹುಡುಕುತ್ತಿದ್ದದ್ದು ಚಿಕ್ಕಪ್ಪನನ್ನು. ಕಾಲದ ಎದುರು ಓಡಲು ಒಂದು ಬಗೆಯ ಧೈರ್ಯ ಬೇಕು. ಓಡಿ ಪ್ರಯೋಜನವಿಲ್ಲವೆಂದು ಗೊತ್ತಾದಾಗ ಅದರ ಪಕ್ಕದಲ್ಲೇ ಕೂತಿರಲು ಬೇಕಾದದ್ದು ಇನ್ನೊಂದು ಬಗೆಯದು. ಒಂದೇ ತಾಯಿಯ ಮಕ್ಕಳು ಅದನ್ನು ಹೇಗೆ ಹಂಚಿಕೊಂಡರೋ.

ಆ ರಾತ್ರಿ ಬಿಸಿನೀರು ಕಾಯಿಸಿದ್ದು, ಬಂದವರಿಗೆಲ್ಲ ಕಾಫಿ ಬೆರೆಸಿದ್ದು ಅಮ್ಮ. ಹುಬ್ಬಳ್ಳಿಯ ರೈಲಿನ ದಿನ ಮೂರು ಗಂಟೆಗೆ ಎದ್ದು ಚಿತ್ರಾನ್ನ ಕಲಸಿ ಬಾಳೆಲೆಯಲ್ಲಿ ಕಟ್ಟುತ್ತಿದ್ದವಳೂ ಅವಳೇ. ಅಪ್ಪ ಅಂಗಳದಿಂದ ‘ಹೊತ್ತಾಯ್ತು’ ಎಂದು ಕೂಗುವಾಗ ಅವಳು ಲಗುಬಗೆಯವಳು. ಚಿಕ್ಕಪ್ಪ ಎರಡನೆಯ ಲೋಟ ಕಾಫಿ ಕೇಳಿದಾಗ ಸಾವಧಾನದವಳು. ಅವಳು ಯಾವ ಪೈಕಿ ಎಂದು ನಾವು ಒಮ್ಮೆಯೂ ಯೋಚಿಸಿರಲಿಲ್ಲ. ಸ್ವಭಾವವೆನ್ನುವುದು ಗಂಡಸರಿಗೆ ಇರುವ ವಸ್ತು ಎಂದು ಭಾವಿಸಿದ್ದೆವೇನೋ.

ಬೆತ್ತ ಹೆಣೆಯುವವರು ಅಂದು ನಾಲ್ಕೂ ಕುರ್ಚಿಗಳನ್ನು ಸವರಿ ನೋಡಿದ್ದರು. ಮೂರನೆಯದು ನೆಂಟರಿಷ್ಟರದು, ಹದವಾಗಿ ಎಲ್ಲ ಕಡೆಯೂ ಸವೆದಿತ್ತು. ನಾಲ್ಕನೆಯದರ ಮೇಲೆ ಅವರ ಕೈ ಬಹಳ ಹೊತ್ತು ಓಡಾಡಿತು. ಅಂಚನ್ನು ಮುಟ್ಟಿದರು, ನಡುವನ್ನು ಒತ್ತಿದರು, ಬೆರಳುಗುರಿನಿಂದ ತಟ್ಟಿ ಸದ್ದು ಕೇಳಿದರು. ಬೆತ್ತ ಇನ್ನೂ ಬಿಗಿಯಾಗಿತ್ತು.

“ಇದು ನಾನು ಹೆಣೆದದ್ದು ಹೆಣೆದಂಗೇ ಐತಲ್ಲ. ಇದರಲ್ಲಿ ಯಾರೂ ಕೂರಲ್ವಾ?”

ಅಮ್ಮ ಅವರಿಗೆಂದು ಕಾಫಿ ಲೋಟ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು.

“ಅದು ನಂದು” ಎಂದಳು.