ದಡದಲ್ಲಿ ನಿಂತವನ ತೀರ್ಪು

'ಆಪತ್ತಿಗಾದವನೇ ನೆಂಟ' ಎನ್ನುತ್ತದೆ ನಮ್ಮ ಗಾದೆ. ಇನ್ನೊಬ್ಬನನ್ನು ತಾನು ಚೆನ್ನಾಗಿ ಬಲ್ಲೆ ಎಂದವನಿಗೆ, ಅವನ ಜೊತೆ ಪ್ರಯಾಣ ಮಾಡಿದ್ದೀಯಾ ಎಂದು ಖಲೀಫಾ ಉಮರ್(ರ) ಕೇಳಿದರೆಂಬ ಪ್ರಸಂಗವೂ ಪ್ರಸಿದ್ಧ. ಪ್ರಯಾಣಕ್ಕಿರುವ 'ಸಫರ್' ಎಂಬ ಅರಬೀ ಪದವನ್ನು ವಿದ್ವಾಂಸರು ಮುಸುಕು ತೆರೆಯುವುದು ಎಂಬ ಅರ್ಥಕ್ಕೆ ಜೋಡಿಸುತ್ತಾರೆ. ಹಾಗಾದರೆ ಕಡಲು ಕೆರಳಿದ ಗಳಿಗೆಯಲ್ಲಿ ಗೆಳೆಯನ ನಿಜಗುಣ ಬಯಲಾಗುತ್ತದೆ ಎನ್ನಬಹುದೇ?

ಇಬ್ನ್ ಬತೂತರ ಕಥೆಯನ್ನು ನೋಡೋಣ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್, ಚೀನಾದ ದೊರೆಗೆ ಉಡುಗೊರೆಗಳನ್ನು ಕೊಟ್ಟು 1342ರಲ್ಲಿ ಅವರನ್ನು ರಾಯಭಾರಿಯಾಗಿ ಕಳುಹಿಸಿದ. ಗುಜರಾತಿನ ತೀರದಲ್ಲಿ ಹಡಗು ಹತ್ತಿದ ಅವರು ಸಂಗಡಿಗರೊಂದಿಗೆ ಹೊನ್ನಾವರ, ಬಾರ್ಕೂರು, ಮಂಗಳೂರುಗಳ ಮೂಲಕ ಕಲ್ಲಿಕೋಟೆ ಸೇರಿದರು. ಅಲ್ಲಿ ಉಡುಗೊರೆಗಳು ದೊಡ್ಡ ಚೀನೀ ಹಡಗಿಗೆ ಹೋದವು. ಅವರ ಸಂಗಡಿಗರೂ ಸಾಮಾನುಗಳೂ ಚಿಕ್ಕ ಹಡಗೊಂದನ್ನು ಸೇರಿದರು. ಜುಮಾ ನಮಾಝ್‌ಗಾಗಿ ಬತೂತ ದಡದಲ್ಲೇ ಉಳಿದರು. ಅಷ್ಟರಲ್ಲಿ ಕಡಲು ಎದ್ದಿತು. ದೊಡ್ಡ ಹಡಗು ಒಡೆದು ಅದರಲ್ಲಿದ್ದವರು ಸತ್ತರು. ಅದನ್ನು ಕಂಡ ಚಿಕ್ಕ ಹಡಗಿನವರು ಹಾಯಿ ಬಿಚ್ಚಿ ಹೊರಟೇಹೋದರು. ಬತೂತರ ಬಳಿ ಉಳಿದದ್ದು ಹತ್ತು ದೀನಾರ್, ಮಲಗುವ ಒಂದು ಹಾಸು, ಮತ್ತು ಅವರೇ ಬಿಡುಗಡೆ ಮಾಡಿದ್ದ ಒಬ್ಬ ಗುಲಾಮ. ಸ್ವಲ್ಪದರಲ್ಲಿ ಅವನೂ ಹೊರಟುಹೋದ.

ದಡದಿಂದ ನೋಡಿದರೆ ಇದು ಕೈಬಿಟ್ಟು ಓಡಿದ ಕಥೆ. ಆದರೆ ಹಡಗಿನ ಮೇಲೆ ನಿಂತು ನೋಡಿ. ಕಲ್ಲಿಕೋಟೆಯಲ್ಲಿ ಅಲೆಗೆ ಮರೆಯಾಗಿ ನಿಲ್ಲಬಲ್ಲ ಬಂದರು ಇರಲಿಲ್ಲ. ದಡದತ್ತ ತಿರುಗಿದ್ದರೆ ಇವರ ಹಡಗೂ ಒಡೆಯುತ್ತಿತ್ತು. ನಾವಿಕನ ಮೊದಲ ಹೊಣೆ ಹಡಗಿನಲ್ಲಿದ್ದವರ ಜೀವ. ಬತೂತರ ಸಂಗಡಿಗರನ್ನು ಯಾರಾದರೂ ಕೇಳಿ ಹಾಯಿ ಬಿಚ್ಚಿರುತ್ತಾರೆಯೇ? ಇನ್ನು ಆ ಗುಲಾಮ. ನಿನ್ನೆಯವರೆಗೆ ಒಡೆತನಕ್ಕೆ ಒಳಗಾಗಿದ್ದವನು ಇಂದು ತನ್ನ ದಾರಿ ಹಿಡಿದರೆ ಅದನ್ನು ದ್ರೋಹವೆನ್ನುವ ಹಕ್ಕು ಯಾರಿಗಿದೆ?

ಬಿರುಗಾಳಿ ಮನುಷ್ಯನ ಭಯವನ್ನು ಹೊರಹಾಕುತ್ತದೆ. ಭಯವೇ ಗುಣವಲ್ಲ. ಅಲೆಯ ನಡುವೆ ಯಾರೂ ಹೊಸದಾಗಿ ನ್ಯಾಯವಂತರಾಗುವುದಿಲ್ಲ. ಕಡಲವ್ಯಾಪಾರಿಗಳು ಇದನ್ನು ಬಲ್ಲವರಾಗಿದ್ದರು. ಹಡಗು ಉಳಿಸಲು ಒಬ್ಬನ ಮೂಟೆಯನ್ನು ನೀರಿಗೆಸೆದರೆ, ಆ ನಷ್ಟವನ್ನು ಉಳಿದ ಸರಕಿನವರೆಲ್ಲ ಹಂಚಿಕೊಳ್ಳಬೇಕು. ಕ್ರಿ.ಶ. 533ರ ರೋಮನ್ ಕಾನೂನು ಸಂಗ್ರಹದಲ್ಲಿ ಈ ನಿಯಮವಿದೆ. ಮಾಲಿಕೀ ಫಿಕ್‌ಹ್ ವಿದ್ವಾಂಸರೂ ಇದನ್ನು ಚರ್ಚಿಸಿದ್ದಾರೆ. ಇಂದಿಗೂ ಹಡಗು ಸಾಗಾಟದಲ್ಲಿ ಯಾರ್ಕ್-ಆಂಟ್ವರ್ಪ್ ನಿಯಮಗಳೆಂಬ ಹೆಸರಿನಲ್ಲಿ ಅದೇ ನಡೆಯುತ್ತಿದೆ. ಗಾಳಿ ಬೀಸಿದಾಗ ಯಾರ ಮೂಟೆ ಎಂದು ಜಗಳವಾಡುತ್ತ ಕೂತರೆ ಎಲ್ಲರೂ ಮುಳುಗುತ್ತಾರೆ. ಆದ್ದರಿಂದ ಮಾತು ಮೊದಲೇ ಆಗಿರಬೇಕು.

ಈ ನಿಯಮದ ನಿಜವಾದ ಪರೀಕ್ಷೆ ನಡೆಯುವುದು ದಡದಲ್ಲಿ. ಕಡಲು ಶಾಂತವಾಗಿದೆ, ನನ್ನ ಸರಕು ಕ್ಷೇಮವಾಗಿದೆ, ಪಕ್ಕದವನ ಕೈ ಬರಿದಾಗಿದೆ. ಈಗ ನಾನು ಚೀಲ ಬಿಚ್ಚುತ್ತೇನೆಯೇ? ಅಲೆಗಳ ನಡುವೆ ದೇವನನ್ನು ಮೊರೆಯಿಟ್ಟು, ನೆಲ ಮುಟ್ಟಿದೊಡನೆ ಮರೆಯುವ ಮನುಷ್ಯನ ಕುರಿತು ಕುರ್‌ಆನ್ ಎಚ್ಚರಿಸುವುದೂ ಇಂತಹ ಗಳಿಗೆಯ ಬಗ್ಗೆಯೇ.

ನಮ್ಮ ಮನೆಗಳಲ್ಲಿ, ಪಾಲುದಾರಿಕೆಗಳಲ್ಲಿ, ಸಂಘಟನೆಗಳಲ್ಲಿ ಯಾರೋ ಒಬ್ಬರ ಮೂಟೆ ಎಲ್ಲರಿಗಾಗಿ ನೀರಿಗೆ ಬಿದ್ದಿರುತ್ತದೆ. ತಮ್ಮಂದಿರ ಓದಿಗಾಗಿ ಶಾಲೆ ಬಿಟ್ಟ ಅಕ್ಕ, ಮನೆಯ ಸಾಲ ತೀರಿಸಲು ಗಲ್ಫಿನಲ್ಲಿ ಯೌವನ ಕಳೆದ ಅಣ್ಣ. ಆಪತ್ತಿನಲ್ಲಿ ಯಾರು ಓಡಿದರು ಎಂದು ನಾವು ವರ್ಷಗಟ್ಟಲೆ ಲೆಕ್ಕವಿಡುತ್ತೇವೆ. ಯಾರ ಮೂಟೆಯಿಂದ ನಾವು ದಡ ಸೇರಿದೆವು ಎಂಬ ಲೆಕ್ಕವನ್ನೂ ಇಡಬೇಡವೇ?